ಹನ್ನೊಂದು ಐದಕ್ಕೆ ನಿಲ್ಲುವ ಮಷಿನ್

ನಮ್ಮ ಫ್ಯಾಕ್ಟರಿಯಲ್ಲಿ ತಿಂಗಳಿಗೆ ಒಂದಾದರೂ ಫಜೀತಿ ನಡೆದೇ ನಡೆಯುತ್ತದೆ. ನಡೆಯದ ತಿಂಗಳು ನನಗೇ ದಿಗಿಲು, ಎಲ್ಲೋ ಕೆಲಸ ಸರಿಯಾಗಿ ಮಾಡಿಲ್ಲವೇನೋ ಅಂತ. ಕಾರವಾರದ ಶಿರವಾಡದಲ್ಲಿ ನಮ್ಮದು ಮೀನು ತುಂಬುವ ಪ್ಲಾಸ್ಟಿಕ್ ಕ್ರೇಟು ಮಾಡುವ ಕಂಪನಿ. ಕೆಳಗೆ ನಾಲ್ಕು ಮಷಿನ್, ಮೇಲೆ ಒಂದು ಏಸಿ ರೂಮು, ಆ ರೂಮಿನಲ್ಲಿ ನಾನು. ನನ್ನ ಹುದ್ದೆ ಡೇಟಾ ಅನಾಲಿಸ್ಟ್. ಮಷಿನ್‌ಗಳು ಎಷ್ಟು ಓಡಿದವು, ಎಷ್ಟು ನಿಂತವು, ಎಷ್ಟು ಕ್ರೇಟು ಹಾಳಾದವು ಎಂಬ ಅಂಕಿಗಳನ್ನು ಒಟ್ಟುಮಾಡಿ, ಅವು ಏನು ಹೇಳುತ್ತಿವೆ ಅಂತ ಪುಣೆಯ ಹೆಡ್ ಆಫೀಸಿಗೆ ತಿಳಿಸೂದು. ಅಂಕಿಗಳು ಪಾಪ, ಎಲ್ಲ ಹೇಳುತ್ತವೆ. ಮನುಷ್ಯರೇ ಬಾಯಿ ಬಿಡೂದಿಲ್ಲ.

ಅಕ್ಕೋರು

ನನ್ನ ಕೆಲಸ ಏನು ಅಂತ ಅಂಕೋಲೆಯ ನಮ್ಮ ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ನೆಂಟರು ಬಂದಾಗ ಆಯಿಗೆ ಇದೊಂದು ಪರೀಕ್ಷೆ.

"ಮಗಳು ಎಂತಾ ಮಾಡ್ತಾಳೆ?"

"ಕಾರವಾರದಲ್ಲಿ ಕಂಪ್ಯೂಟರಿನಾಗೆ ಅಂಕಿ ನೋಡ್ತಾಳೆ."

"ನೋಡಿ ಎಂತಾ ಮಾಡ್ತಾಳೆ?"

ಆಯಿ ಸ್ವಲ್ಪ ಯೋಚನೆ ಮಾಡಿ, "ನೋಡಿ ಬೇಜಾರು ಮಾಡ್ಕೊಳ್ತಾಳೆ" ಅಂತಾಳೆ. ಇಷ್ಟು ಸರಿಯಾಗಿ ನನ್ನ ಕೆಲಸವನ್ನು ನನ್ನ ನೇಮಕಾತಿ ಪತ್ರದಲ್ಲೂ ಬರೆದಿಲ್ಲ.

ಫ್ಯಾಕ್ಟರಿಯಲ್ಲಿ ಮೊದಲ ವಾರ ನಾನು ಪ್ರಿಂಟರ್ ರಿಪೇರಿಯವಳು ಅಂತಲೇ ಎಲ್ಲರೂ ತಿಳಿದಿದ್ದರು. ಕಡೆಗೆ ಗೊಂದಲ ಬಗೆಹರಿಸಿದವನು ಮೂರನೇ ನಂಬರು ಮಷಿನಿನ ಆಪರೇಟರ್. ಐವತ್ತು ದಾಟಿದ ಮನುಷ್ಯ, ಎಲ್ಲರಿಗೂ ಮಾಮ. ಅರ್ಗಾ ಕಡೆಯವನು. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಬಂದ ಮನೆಗಳಲ್ಲಿ ಅವನದೂ ಒಂದು. ನಾನು ಮೂರು ದಿನ ಅವನ ಪಕ್ಕ ನಿಂತು ಅದ್ಯಾಕೆ, ಇದ್ಯಾಕೆ ಅಂತ ಕೇಳಿದ ಮೇಲೆ ಅವನು ಕೈ ಒರೆಸಿಕೊಳ್ಳುತ್ತಾ ಹೇಳಿದ: "ನೋಡಿ, ನೀವು ಪ್ರಶ್ನೆ ಕೇಳೂದು, ತಪ್ಪಿಗೆ ಗುರುತು ಹಾಕೂದು, ಬರದೇ ಇದ್ದವರ ಲೆಕ್ಕ ಬರ್ಕೊಳ್ಳೂದು. ಇದು ಅಕ್ಕೋರ ಕೆಲಸವೇ ಅಲ್ವಾ?"

ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಅಂತಾರೆ. ಅವತ್ತಿನಿಂದ ನನಗೆ ಅದೇ ಹೆಸರು ಕಾಯಂ. ಮ್ಯಾನೇಜರ್ ಸಾಹೇಬರು ಮಾತ್ರ ಮರ್ಯಾದೆಯಿಂದ "ಮೇಡಂ" ಅನ್ನುತ್ತಿದ್ದರು. ಅವರೂ ಒಂದು ದಿನ, ನಾನು ಮೀಟಿಂಗಿನಲ್ಲಿ ಅರ್ಧ ಗಂಟೆ ಬೋರ್ಡಿನ ಮುಂದೆ ನಿಂತು ವಿವರಿಸುತ್ತಿದ್ದಾಗ ಮೆಲ್ಲಗೆ ಕಿರುಬೆರಳು ಎತ್ತಿ, "ಅಕ್ಕೋರೆ, ಒಂದ್ಸಲ ಹೊರಗೆ ಹೋಗಿ ಬರ್ಲಾ?" ಅಂದುಬಿಟ್ಟರು.

ನಾಳೆಯ ಅಂಕಿ

ಮೊದಲೆಲ್ಲ ಅಂಕಿ ಬರುತ್ತಿದ್ದದ್ದು ಸೂಪರ್‌ವೈಸರರ ರಿಜಿಸ್ಟರಿನಿಂದ. ಗಂಟೆಗೊಮ್ಮೆ ಪ್ರತಿ ಮಷಿನಿನ ಬಿಸಿ ಎಷ್ಟು, ಕ್ರೇಟು ಎಷ್ಟು ಅಂತ ಬರೆಯಬೇಕು. ಸೂಪರ್‌ವೈಸರು ಬಹಳ ಶಿಸ್ತಿನ ಮನುಷ್ಯ. ಅಕ್ಷರ ಮುತ್ತಿನಂತೆ, ಒಂದು ಕಾಟಿಲ್ಲ, ಚಿತ್ತಿಲ್ಲ. ಆ ಅಂಕಿಗಳನ್ನು ನೋಡಿ ನಾನು ಹೆಡ್ ಆಫೀಸಿಗೆ, "ನಮ್ಮ ಮಷಿನ್‌ಗಳು ಅಪರೂಪದ ಸ್ಥಿರತೆ ತೋರಿಸುತ್ತಿವೆ" ಅಂತ ಬರೆದಿದ್ದೆ. ನೆನಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಒಂದು ಶುಕ್ರವಾರ ಬೇರೆ ಯಾವುದೋ ಕಾರಣಕ್ಕೆ ರಿಜಿಸ್ಟರ್ ತೆಗೆದು ನೋಡುತ್ತೇನೆ, ಶನಿವಾರದ್ದೂ ತುಂಬಿದೆ! ಸಂಜೆ ಐದರವರೆಗೆ. ಮಧ್ಯಾಹ್ನ ಎರಡು ಗಂಟೆಗೆ ಎರಡನೇ ಮಷಿನ್ ಸ್ವಲ್ಪ ಬಿಸಿ ಹೆಚ್ಚಾಗಿ, ಮೂರಕ್ಕೆ ಸರಿಯಾಗುತ್ತದೆ ಅಂತಲೂ ಇದೆ. ಜ್ಯೋತಿಷ್ಯ ಹೇಳುವವರೂ ಇಷ್ಟು ವಿವರಕ್ಕೆ ಹೋಗೂದಿಲ್ಲ ಮಾರಾಯ್ರೆ.

ನಾನು ಬಾಯಿ ಮುಚ್ಚಿಕೊಂಡು ಶನಿವಾರ ಆಗಲಿ ಅಂತ ಕಾದೆ. ಶನಿವಾರ ಗಾಳಿಗೆ ತಂತಿಯ ಮೇಲೆ ಮರ ಬಿದ್ದು ಬೆಳಗಿನಿಂದ ಸಂಜೆಯವರೆಗೆ ಕರೆಂಟಿಲ್ಲ. ನಾಲ್ಕೂ ಮಷಿನ್ ತಣ್ಣಗೆ ಮಲಗಿದ್ದವು. ರಿಜಿಸ್ಟರ್ ಹಿಡಿದು ಸೂಪರ್‌ವೈಸರರ ಮುಂದೆ ನಿಂತೆ.

"ಇದೆಂತದು ಸರ್? ಕರೆಂಟೇ ಇಲ್ಲ, ಕ್ರೇಟು ಹೇಗೆ ಆಯ್ತು?"

ಅವರು ಕನ್ನಡಕ ಏರಿಸಿ, ತಮ್ಮ ಬರಹವನ್ನು ಮೇಲಿಂದ ಕೆಳಗೆ ಓದಿ, ನೊಂದ ದನಿಯಲ್ಲಿ ಹೇಳಿದರು: "ಅಕ್ಕೋರೆ, ನಾನು ಬರೆದದ್ದು ಸರಿಯಾಗೇ ಇದೆ. ಮಷಿನ್ ಓಡದೇ ಇದ್ದದ್ದು ನನ್ನ ತಪ್ಪಾ?"

ಬೂದು ಬಣ್ಣದ ಸುಖ

ಈ ವಿಷಯ ಹೆಡ್ ಆಫೀಸಿಗೆ ಗೊತ್ತಾಗಿ, ಪ್ರತಿ ಮಷಿನಿಗೂ ಒಂದೊಂದು ಸೆನ್ಸರ್ ಬಂತು. ಮಷಿನ್ ನಿಂತರೆ ಅದು ತಾನೇ ಬರೆದುಕೊಳ್ಳುತ್ತದೆ. ಯಾಕೆ ನಿಂತಿತು ಅಂತ ಮಾತ್ರ ಮನುಷ್ಯರೇ ಬರೆಯಬೇಕು. ಆ ಕೆಲಸ ಮತ್ತೆ ಸೂಪರ್‌ವೈಸರರಿಗೆ. ಅವರು ಎಲ್ಲದಕ್ಕೂ "ಕರೆಂಟು ಏರುಪೇರು" ಅಂತ ಬರೆಯುತ್ತಿದ್ದರು, ಅದೂ ಮುತ್ತಿನಂಥ ಅಕ್ಷರದಲ್ಲಿ.

ನಾನು ಉತ್ಸಾಹದಿಂದ ಬಣ್ಣದ ಚಾರ್ಟು ಮಾಡಿದೆ. ಚೆನ್ನಾಗಿ ಓಡಿದ ಮಷಿನ್ ಹಸಿರು, ಆಗಾಗ ನಿಂತದ್ದು ಕೆಂಪು. ಮ್ಯಾನೇಜರ್ ಸಾಹೇಬರಿಗೆ ಕಂಪ್ಯೂಟರಿನಲ್ಲಿ ನೋಡಿದರೆ ನೋಡಿದ ಹಾಗೆ ಆಗೂದಿಲ್ಲ, ಪ್ರಿಂಟೇ ಬೇಕು. ನಮ್ಮ ಪ್ರಿಂಟರಿಗೆ ಗೊತ್ತಿದ್ದದ್ದು ಕಪ್ಪು ಮಾತ್ರ. ಕೆಂಪೂ ಬೂದು, ಹಸಿರೂ ಬೂದು. ಸಾಹೇಬರು ಪ್ರತಿ ಸೋಮವಾರ ಆ ಹಾಳೆ ನೋಡಿ, "ಅಡ್ಡಿಲ್ಲ, ನಾಲ್ಕೂ ಸಮಾ ಇವೆ" ಅಂತ ಸಹಿ ಹಾಕಿ, ಅದನ್ನೇ ಸ್ಕ್ಯಾನ್ ಮಾಡಿಸಿ ಹೆಡ್ ಆಫೀಸಿಗೆ ಕಳಿಸುತ್ತಿದ್ದರು. ಅಲ್ಲಿಂದಲೂ ಶಹಬ್ಬಾಸ್ ಬರುತ್ತಿತ್ತು. ಹೀಗೆ ಅರ್ಧ ವರ್ಷ ನಾವೆಲ್ಲ ಬಹಳ ಸುಖವಾಗಿದ್ದೆವು.

ಚೌತಿ ಕಳೆದು ಕೆಲವು ದಿನಕ್ಕೆ ಹೆಡ್ ಆಫೀಸಿನವರು ಖುಷಿಯಾಗಿ ನಮಗೊಂದು ಕಲರ್ ಪ್ರಿಂಟರ್ ಕಳಿಸಿದರು. ಮೊದಲ ಹಾಳೆ ಹೊರಗೆ ಬಂದಾಗ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. ಮೂರನೇ ನಂಬರು ಕೆಂಪಗೆ ಉರಿಯುತ್ತಿತ್ತು.

"ಮೇಡಂ, ಇದು ಯಾವಾಗಿಂದ ಹೀಗೆ?"

"ಮೊದಲಿಂದಲೂ ಹೀಗೇ ಸರ್."

ಅವರು ಹಾಳೆಯನ್ನೂ ಪ್ರಿಂಟರನ್ನೂ ಬಹಳ ಹೊತ್ತು ನೋಡಿ, "ಈ ಪ್ರಿಂಟರ್ ಸರಿ ಇಲ್ಲ, ವಾಪಸ್ ಕಳಿಸಿ" ಅಂದರು.

ಒದ್ದೆ ಗೋಣಿ

ಕೆಂಪು ಹಾಳೆ ಹೆಡ್ ಆಫೀಸಿಗೆ ಹೋದ ವಾರದಲ್ಲೇ ಪತ್ರ ಬಂತು. ಮೂರನೇ ನಂಬರು ಯಾಕೆ ನಿಲ್ಲುತ್ತದೆ ಅಂತ ಒಂದು ತಿಂಗಳೊಳಗೆ ಕಾರಣ ಕಂಡುಹಿಡಿಯಬೇಕು. ಇಲ್ಲದಿದ್ದರೆ ಅದನ್ನು ಬಿಚ್ಚಿ ಬೇರೆ ರಾಜ್ಯದ ಫ್ಯಾಕ್ಟರಿಗೆ ಸಾಗಿಸುತ್ತಾರೆ, ಅದರ ಆಪರೇಟರ್ ಇಲ್ಲಿ ಬೇಡ. ಮಾಮನಿಗೆ ಇನ್ನು ನಾಲ್ಕು ವರ್ಷ ಸರ್ವಿಸ್ ಇತ್ತು. ಪತ್ರದ ವಿಷಯ ಹೇಳಿದಾಗ ಅವನು ಮಷಿನಿನ ಮೇಲೆ ಕೈ ಇಟ್ಟು, "ಒಂದ್ಸಲ ಊರು ಬಿಟ್ಟಾಯ್ತು ಅಕ್ಕೋರೆ. ಈಗ ಇದನ್ನೂ ಬಿಡೂದಾ?" ಅಂತ ಅಷ್ಟೇ ಹೇಳಿದ. ಕೆಂಪು ಬಣ್ಣ ಹಾಕಿದವಳು ನಾನೇ ಅಲ್ಲವಾ?

ಪತ್ರದ ಹಿಂದೆಯೇ ಪುಣೆಯಿಂದ ಒಬ್ಬ ತಜ್ಞರು ಬಂದರು. ಅವರ ಮರಾಠಿ ನಮಗೆ ತಿಳಿಯುತ್ತಿತ್ತು, ನಮ್ಮ ಕೊಂಕಣಿಗೆ ಅವರು ತಿಳಿದವರಂತೆ ತಲೆಯಾಡಿಸುತ್ತಿದ್ದರು. ಬಂದದ್ದು ಗುರುವಾರ. ಬೆಳಗಿನಿಂದ ಸಂಜೆಯವರೆಗೆ ಮೂರನೇ ನಂಬರಿನ ಮುಂದೆ ಕುರ್ಚಿ ಹಾಕಿ ಕೂತರು. ಮಷಿನ್ ಒಂದು ನಿಮಿಷವೂ ನಿಲ್ಲಲಿಲ್ಲ. ತಜ್ಞರಿಗೆ ಸಿಟ್ಟೇ ಬಂತು. ರೋಗಿ ಡಾಕ್ಟರ ಮುಂದೆ ಕೆಮ್ಮದಿದ್ದರೆ ಹೇಗೆ?

ಆಮೇಲೆ ನನ್ನ ಅಂಕಿಗಳನ್ನೆಲ್ಲ ಹರಡಿಕೊಂಡು ಕೂತವರು ಒಮ್ಮೆಲೇ ಮೇಜು ಕುಟ್ಟಿದರು. ಜೂನ್, ಜುಲೈ ಎರಡು ತಿಂಗಳು ಈ ಮಷಿನ್ ನಿಂತೇ ಇಲ್ಲ! "ಮಳೆಗಾಲ! ತೇವ! ಈ ಮಷಿನಿಗೆ ತೇವದ ಹವೆ ಬೇಕು" ಅಂದರು. ಕೂಡಲೇ ಮೂರನೇ ನಂಬರಿನ ಸುತ್ತ ಒದ್ದೆ ಗೋಣಿ ತೂಗಿಹಾಕಬೇಕೆಂದು ಆಜ್ಞೆಯಾಯಿತು. ಜೊತೆಗೆ, ರಿಜಿಸ್ಟರಿನಲ್ಲಿ "ಕರೆಂಟು ಏರುಪೇರು" ಅಂತ ಅಷ್ಟು ಸಲ ಬರೆದದ್ದರಿಂದ, ಒಂದು ದೊಡ್ಡ ಸ್ಟೆಬಿಲೈಸರ್ ತರಿಸಲೂ ತೀರ್ಮಾನವಾಯಿತು.

ಮರುದಿನ ಮಾಮ ಬಂದು, ಒದ್ದೆ ಗೋಣಿಗಳ ನಡುವೆ ಹಬೆಯಾಡುತ್ತಿದ್ದ ಮಷಿನ್ ನೋಡಿ ದಂಗಾದ. "ಬಾಣಂತಿ ಕೋಣೆ ಮಾಡಿಟ್ಟೀರಲ್ಲ ಅಕ್ಕೋರೆ," ಅಂದ, "ಇನ್ನು ಎಣ್ಣೆನೀರು ಯಾರು ಹಾಕೂದು?"

ಪಟ್ಟಿಯ ಎರಡನೇ ಹೆಸರು

ತಜ್ಞರು ಹೋದ ಮೇಲೆ ನಾನು ಹಟಕ್ಕೆ ಬಿದ್ದೆ. ತೇವವಂತೆ, ಗೋಣಿಯಂತೆ! ಒಂದೊಂದೇ ದಿನದ ಅಂಕಿ ಬಿಡಿಸಿ ಬಿಡಿಸಿ ನೋಡಿದೆ. ಮೂರನೇ ನಂಬರು ನಿಲ್ಲೂದು ಮಂಗಳವಾರ, ಬುಧವಾರ, ಶುಕ್ರವಾರ ಮಾತ್ರ. ಸೋಮವಾರ, ಗುರುವಾರ, ಶನಿವಾರ ನಿಲ್ಲೂದೇ ಇಲ್ಲ. ನಿಲ್ಲೂದಾದರೂ ಯಾವಾಗ? ಹನ್ನೊಂದು ಗಂಟೆ ಐದು ನಿಮಿಷಕ್ಕೆ. ಹತ್ತು ಹದಿನೈದು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ಒಳಗಿನ ಪ್ಲಾಸ್ಟಿಕ್ ಸುಟ್ಟು, ಆಮೇಲಿನ ಹತ್ತಾರು ಕ್ರೇಟು ಹಾಳು. ಶ್ರಾವಣದಲ್ಲೂ ಹೆಚ್ಚುಕಡಿಮೆ ನಿಂತಿಲ್ಲ.

ಕರಾವಳಿಯಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಇಷ್ಟು ಸಾಕಿತ್ತು. ನಾನು ಓದಿದವಳಲ್ಲವಾ, ನನಗೆ ಇನ್ನೂ ಒಂದು ದಿನ ಬೇಕಾಯಿತು. ಬುಧವಾರ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ಚಾರ್ಟು ಹಿಡಿದು ಕೆಳಗೆ ಇಳಿದೆ. ಐದಕ್ಕೆ ಸರಿಯಾಗಿ ಗೇಟಿನ ಹೊರಗಿಂದ ಒಂದು ಕೂಗು ಬಂತು, "ತಾರ್ಲೇ... ಬಾಂಗ್ಡೇ..."

ಮೂರನೇ ನಂಬರು ನಿಂತಿತು.

ಗೇಟಿನ ಹೊರಗೆ ಮೀನು ಮಾರುವ ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ಮೀನಿನ ಬಾಯಿ, ಬುಟ್ಟಿ ಇಳಿಸಿ ಕೂತಿದ್ದಳು. ವಾರದಲ್ಲಿ ಮೂರು ದಿನ, ಜನ ಮೀನು ತಿನ್ನುವ ದಿನ ನೋಡಿಕೊಂಡು ಬರುವವಳು. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯೂದಿಲ್ಲ, ಅವಳೂ ಬರೂದಿಲ್ಲ. ಮಾಮ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಬಾಂಗಡೆಯ ಕಿವಿರು ಎತ್ತಿ, ಹೊಟ್ಟೆ ಒತ್ತಿ, ಮೂಸಿ ಬದಿಗಿಡುತ್ತಿದ್ದ. ಮೀನು ಆರಿಸೂದರಲ್ಲಿ ಅವನ ಕೈ ತಪ್ಪಿದ್ದಿಲ್ಲ. ಅದಕ್ಕೇ ಇಡೀ ಫ್ಯಾಕ್ಟರಿಯ ಮೀನು ಅವನೇ ಆರಿಸಬೇಕು. ಉಳಿದ ಮೂರು ಮಷಿನಿನವರು ಬೆಳಿಗ್ಗೆಯೇ ಹೇಳಿಟ್ಟು ಆರಾಮಾಗಿ ಮಷಿನ್ ಓಡಿಸುತ್ತಿದ್ದರು. ಎಲ್ಲರ ಸಲುವಾಗಿ ನಿಲ್ಲುತ್ತಿದ್ದದ್ದು ಅವನ ಮಷಿನ್ ಒಂದೇ.

"ಮಾಮ, ಇಷ್ಟು ದಿನ ಒಂದು ಮಾತು ಹೇಳೂಕೆ ಆಗ್ಲಿಲ್ವಾ? ಕೆಲಸ ಹೋಗ್ತದೆ ನಿಂದು!"

ಅವನು ಅಂಗಿ ಕಿಸೆಯಿಂದ ಚೀಟಿ ತೆಗೆದು ಕೊಟ್ಟ. ಯಾರಿಗೆ ಯಾವ ಮೀನು ಅಂತ ಪಟ್ಟಿ. ಮೊದಲ ಹೆಸರು: ಮ್ಯಾನೇಜರ್ ಸಾಹೇಬ್ರು, ಪಾಪ್ಲೆಟ್. ಎರಡನೇ ಹೆಸರು: ಅಕ್ಕೋರು, ಬಾಂಗಡೆ.

"ಹೇಳಿದ್ರೆ ಇವರ ಹೆಸರೂ ಹೇಳ್ಬೇಕಾಗ್ತಿತ್ತಲ್ಲ" ಅಂದ.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದಾ ಅನ್ನಿಸಿತು. ಪ್ರತಿ ಬುಧವಾರ ಬೆಳಿಗ್ಗೆ, "ಮಾಮ, ನಂಗೊಂದು ಪಾಲು" ಅಂತ ಹೇಳಿ ಮೇಲೆ ಹೋಗಿ ಏಸಿಯಲ್ಲಿ ಕೂತು, ಈ ಮಷಿನ್ ಯಾಕೆ ನಿಲ್ಲುತ್ತದೆ ಅಂತ ತಲೆ ಕೆರೆದುಕೊಳ್ಳುತ್ತಿದ್ದವಳು ನಾನು. ಸಂಜೆ ಆಫೀಸಿನ ಫ್ರಿಜ್ಜಿನಿಂದ ಪೊಟ್ಟಣ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದೆ. "ಮನೆ ಹತ್ತಿರದ ಕೇಣಿ ಮೀನು ಬಿಟ್ಟು ಕಾರವಾರದ್ದು ಹೊತ್ಕೊಂಡು ಬರ್ತಾಳೆ" ಅಂತ ಆಯಿ ಬೈದುಕೊಂಡೇ, ಆ ಬಾಂಗಡೆ ಹುರಿದು ತಿಂದು, "ಆರಿಸಿದವರು ಯಾರೋ, ಹುಷಾರಿ ಮನುಷ್ಯ" ಅನ್ನುತ್ತಿದ್ದಳು.

ಅರ್ಧ ನಿಮಿಷದ ಸಲಹೆ

ಚೀಟಿ ಹಿಡಿದು ಮ್ಯಾನೇಜರ್ ಸಾಹೇಬರ ಹತ್ತಿರ ಹೋದೆ. ಅವರು ಮೊದಲ ಹೆಸರು ಓದಿ, ಬಾಗಿಲು ಹಾಕಿಬಂದರು.

"ಮೇಡಂ, ವರದಿಯಲ್ಲಿ ಮೀನು ಅಂತ ಬರೀಬೇಡಿ."

"ಮತ್ತೆ ಎಂತಾ ಬರೀಲಿ ಸರ್? ಬರೆದ್ರೆ ಮಾಮನ ಕೆಲಸ ಹೋಗ್ತದೆ, ಬರೀದೇ ಇದ್ರೆ ಮಷಿನ್ನೇ ಹೋಗ್ತದೆ, ಅದ್ರ ಹಿಂದೆ ಅವನೂ ಹೋಗ್ತಾನೆ."

"ಜಲಸಂಪನ್ಮೂಲ ಸಂಬಂಧಿ ಅಡಚಣೆ ಅಂತ ಬರೆದ್ರೆ?"

ಇವರ ಹತ್ತಿರ ಮಾತಾಡಿ ಸುಖವಿಲ್ಲ ಅಂತ ಶುಕ್ರವಾರ ನೇರ ಮೀನಿನ ಬಾಯಿಯ ಹತ್ತಿರವೇ ಹೋದೆ. ಅವಳ ಪಕ್ಕ ಕೂತು, ಹೀಗೆ ಹೀಗೆ, ಮಾಮನ ಕೆಲಸಕ್ಕೆ ಕುತ್ತು ಬಂದಿದೆ, ನೀನು ಚಾ ಬಿಡುವಿನ ಹೊತ್ತಿಗೆ ಬರೂಕೆ ಆಗ್ತದಾ ಅಂತ ಕೇಳಿದೆ. ಹತ್ತೂವರೆಗೆ ನಮ್ಮಲ್ಲಿ ಕಾಲು ಗಂಟೆ ಚಾ ಬಿಡುವು. ಆಗ ಪ್ರತಿ ಮಷಿನಿಗೂ ಬದಲಿ ಮನುಷ್ಯ ನಿಲ್ಲುತ್ತಾನೆ, ಮಷಿನ್ ನಿಲ್ಲೂದಿಲ್ಲ.

ಅವಳು ಮೆಟ್ಟುಕತ್ತಿಯಲ್ಲಿ ಮೀನಿನ ತಲೆ ಕತ್ತರಿಸುತ್ತಾ, ತಲೆ ಎತ್ತದೆಯೇ ಹೇಳಿದಳು: "ನನ್ನ ಬಸ್ಸು ಬರೂದೇ ಹನ್ನೊಂದಕ್ಕೆ ಗೋ ಬಾಯಿ. ಬಸ್ಸು ನನ್ನ ಮಾತು ಕೇಳೂದಿಲ್ಲ. ನಿಮ್ಮ ಚಾ ನಿಮ್ಮ ಮಾತು ಕೇಳ್ತದಲ್ಲ, ಅದನ್ನ ಹನ್ನೊಂದಕ್ಕೆ ಕುಡೀರಿ."

ಸೆನ್ಸರ್ ಬಂತು, ತಜ್ಞರು ಬಂದರು, ಗೋಣಿ ಒದ್ದೆಯಾಯಿತು. ನಾನು ಎರಡು ಡಿಗ್ರಿ ಇಟ್ಟುಕೊಂಡು ತಿಂಗಳಾನುಗಟ್ಟಲೆ ಕಣ್ಣು ಕೆಂಪು ಮಾಡಿಕೊಂಡೆ. ಇವಳು ಒಂದು ತಾರ್ಲೆ ಹೆಚ್ಚುವಷ್ಟರಲ್ಲಿ ಮುಗಿಸಿದಳು.

ಸಂಜೆಯೊಳಗೆ ನೋಟೀಸ್ ಬೋರ್ಡಿನಲ್ಲಿ ಸಾಹೇಬರ ಸಹಿಯೊಂದಿಗೆ ಆದೇಶ: "ಸಿಬ್ಬಂದಿಯ ಆರೋಗ್ಯದ ಹಿತದೃಷ್ಟಿಯಿಂದ ಚಾ ಬಿಡುವು ಇನ್ನು ಮುಂದೆ ಹನ್ನೊಂದರಿಂದ ಹನ್ನೊಂದೂಕಾಲು." ಅದನ್ನು ಓದಿ ಸೂಪರ್‌ವೈಸರು ಕಣ್ಣು ಒರೆಸಿಕೊಂಡರು. "ಸಾಹೇಬ್ರಿಗೆ ನಮ್ಮ ಆರೋಗ್ಯದ ಮೇಲೆ ಎಷ್ಟು ಕಾಳಜಿ!" ಅಂದವರೇ ಒಳಗೆ ಹೋಗಿ, ಇಡೀ ವಾರಕ್ಕೆ "ಹನ್ನೊಂದಕ್ಕೆ ಚಾ ಕುಡಿಯಲಾಯಿತು" ಅಂತ ಬರೆದಿಟ್ಟರು.

ಪೆಟ್ಟಿಗೆ

ಮರುವಾರದಿಂದ ಮೂರನೇ ನಂಬರು ನಿಲ್ಲಲೇ ಇಲ್ಲ. ಹಚ್ಚ ಹಸಿರು. ಮಾಮ ನಾಲ್ಕು ಮಷಿನಿನವರಿಗೂ ಹನ್ನೊಂದೂಕಾಲರೊಳಗೆ ಮೀನು ಆರಿಸಿ ಮುಗಿಸುತ್ತಿದ್ದ. ಆದರೂ ನನ್ನ ಜೀವ ಕೈಯಲ್ಲೇ ಇತ್ತು. ತಿಂಗಳ ಕೊನೆಗೆ ಹೆಡ್ ಆಫೀಸಿನಿಂದ ಪತ್ರ ಬಂದಾಗ ಯಾರಿಗೂ ಬಿಡದೆ ಲಕೋಟೆ ನಾನೇ ಒಡೆದೆ.

ಮೂರನೇ ನಂಬರು ಇಲ್ಲೇ ಇರುತ್ತದೆ, ಮಾಮನೂ ಇರುತ್ತಾನೆ ಅಂತ ಬರೆದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಈ ಸುಧಾರಣೆಗೆ ಕಾರಣವಾದ ಸ್ಟೆಬಿಲೈಸರಿಗಾಗಿ ತಜ್ಞರಿಗೆ ಅಭಿನಂದನೆ, ಕಂಪನಿಯ ಎಲ್ಲ ಫ್ಯಾಕ್ಟರಿಗಳಿಗೂ ಅಂಥದ್ದೇ ಹಾಕಿಸಲಾಗುವುದು, ಫೋಟೋ ತೆಗೆಯಲು ತಜ್ಞರು ಬರುತ್ತಾರೆ.

ಯಾವ ಸ್ಟೆಬಿಲೈಸರ್? ಅದು ಬಂದಿತ್ತು, ನಿಜ. ಆಳೆತ್ತರದ, ಅಗಲವಾದ ಮರದ ಪೆಟ್ಟಿಗೆಯಲ್ಲಿ. ಒಳಗೆ ಒಯ್ಯಲು ಬಾಗಿಲು ಸಾಲದೆ ಗೇಟಿನ ಬದಿಯ ಶೆಡ್ಡಿನಲ್ಲಿ ಅಡ್ಡ ಮಲಗಿಸಿದ್ದರು, ಮೊಳೆ ಕೂಡ ಕಿತ್ತಿರಲಿಲ್ಲ.

ತಜ್ಞರು ಬಂದದ್ದು ಶುಕ್ರವಾರ, ಹನ್ನೊಂದು ಗಂಟೆಯ ಮೇಲೆ. ಗೇಟಿನಲ್ಲೇ ಕಾರಿನಿಂದ ಇಳಿದರು. ಶೆಡ್ಡಿನಲ್ಲಿ ಆ ಪೆಟ್ಟಿಗೆಯ ಮೇಲೆ ಬಾಳೆ ಎಲೆ ಹಾಸಿ, ಪಾಪ್ಲೆಟ್, ಬಾಂಗಡೆ, ಶೆಟ್ಲಿ ಸಾಲಾಗಿ ಜೋಡಿಸಿಕೊಂಡು ಮೀನಿನ ಬಾಯಿ ನಿಂತಿದ್ದಳು. ಎದುರಿಗೆ ಮಾಮ, ಸೂಪರ್‌ವೈಸರು, ಇಡೀ ಫ್ಯಾಕ್ಟರಿ. ಮ್ಯಾನೇಜರ್ ಸಾಹೇಬರ ಕೈಯಲ್ಲಿ ಚೀಲ. ಪೆಟ್ಟಿಗೆಯ ಮುಂಬದಿಗೆ "ಸ್ಟೆಬಿಲೈಸರ್, ಈ ಬದಿ ಮೇಲೆ" ಅಂತ ಬರೆದದ್ದು ಅಡ್ಡಡ್ಡ ಓದಿಸಿಕೊಳ್ಳುತ್ತಿತ್ತು.

ನಮಗೆಲ್ಲ ಅವರು ತಜ್ಞರು. ಅವಳಿಗೆ ಮಾತ್ರ ಹೊಸ ಗಿರಾಕಿ. ಕೊಂಕಣಿ ಬೆರೆಸಿದ ಮರಾಠಿಯಲ್ಲಿ, "ಬನ್ನಿ ಸಾಹೇಬ್ರೆ, ಒಳ್ಳೆ ಪೆಟ್ಟಿಗೆ ಇದು. ಇದು ಬಂದ ಮೇಲೆ ನನ್ನ ಸೊಂಟ ನೋವೇ ಹೋಯ್ತು" ಅಂದಳು.

ತಜ್ಞರು ಪೆಟ್ಟಿಗೆ ನೋಡಿದರು. ಮೊಳೆ ನೋಡಿದರು. ನಮ್ಮ ಮುಖ ನೋಡಿದರು. ಅವರ ಕಿಸೆಯಲ್ಲಿ ಅಭಿನಂದನಾ ಪತ್ರ ಇತ್ತು, ನಮ್ಮ ಕೈಯಲ್ಲಿ ಮೀನಿನ ಚೀಲಗಳಿದ್ದವು. ನಾನು ಮಾಮನ ಕಡೆ ನೋಡಿದೆ. ತಜ್ಞರು ಬಾಳೆ ಎಲೆಯ ಮೇಲೆ ಬಗ್ಗಿ ಕೇಳಿದರು: "ಪಾಪ್ಲೆಟ್ ತಾಜಾ ಇದೆಯಾ?"

"ತಡೀರಿ ಸಾಹೇಬ್ರೆ, ನಾನು ಆರಿಸಿ ಕೊಡ್ತೆ" ಅಂದ ಮಾಮ.

ಪುಣೆಗೆ ಒಯ್ಯುವ ಮೀನಲ್ಲವಾ, ನಿಧಾನ ಆಯಿತು. ತಜ್ಞರಿಗೆ ಪಾಪ್ಲೆಟ್ ಆದ ಮೇಲೆ ಶೆಟ್ಲಿಯ ಮೇಲೂ ಮನಸ್ಸಾಯಿತು. ಅದನ್ನು ಐಸ್ ಹಾಕಿ ನಮ್ಮದೇ ಕ್ರೇಟಿನಲ್ಲಿ ತುಂಬಿಸಿ ಕಾರಿಗೆ ಏರಿಸುವಷ್ಟರಲ್ಲಿ ಹನ್ನೊಂದೂವರೆ ದಾಟಿತ್ತು. ಚಾ ಬಿಡುವು ಮುಗಿದು, ಬದಲಿ ಮನುಷ್ಯ ಎದ್ದು ಹೋಗಿ, ಮೂರನೇ ನಂಬರು ನಿಂತೇಬಿಟ್ಟಿತ್ತು.

ಸೋಮವಾರ ಹೆಡ್ ಆಫೀಸಿನಿಂದ ವಿಚಾರಣೆ ಬಂತು. ಇಷ್ಟು ದಿನ ಸರಿಯಿದ್ದ ಮಷಿನ್ ಶುಕ್ರವಾರ ಇಪ್ಪತ್ತು ನಿಮಿಷ ನಿಂತದ್ದು ಯಾಕೆ, ಕೂಡಲೇ ತಿಳಿಸಿ ಅಂತ. ಸೂಪರ್‌ವೈಸರು ಅಭ್ಯಾಸದಂತೆ "ಕರೆಂಟು" ಅಂತ ಶುರು ಮಾಡಿದ್ದರು. ಅವರ ಕೈಯಿಂದ ಪೆನ್ನು ಕಸಿದುಕೊಂಡು, ಈ ಕಂಪನಿಗೆ ಸೇರಿದ ಮೇಲೆ ಮೊದಲ ಸಲ ಕಾರಣದ ಕಾಲಮ್ಮಿನಲ್ಲಿ ನಾನು ಸತ್ಯ ಬರೆದೆ:

"ತಜ್ಞರ ಭೇಟಿ."